ಬರಿಗಾಲಿನವರ ಆಟ, ಬೂಟಿನವರ ಗದ್ದುಗೆ

2017ನೆಯ ಇಸವಿ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೊಂಬತ್ತು ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರ ಹೆಸರು ಅಹಮದ್ ಖಾನ್. ಎರಡು ಒಲಿಂಪಿಕ್ಸುಗಳಲ್ಲಿ ಭಾರತಕ್ಕಾಗಿ ಕಾಲ್ಚೆಂಡಾಡಿದವರು, ಏಷ್ಯಾ ಕ್ರೀಡಾಕೂಟದ ಚಿನ್ನದ ಪದಕ ಗೆದ್ದ ತಂಡದವರು, ಕಲ್ಕತ್ತದ ಲಕ್ಷಾಂತರ ಜನರ ಕಣ್ಮಣಿಯಾಗಿದ್ದವರು. ಸತ್ತ ಮೇಲೆ ಸಂತಾಪದ ಮಾತಿಗೆ ಬರವಿರಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಸಾಗರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೂಲಿಗಾರನೂ, ತೀರ್ಥಹಳ್ಳಿಯ ರಥಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟವನೂ ಕೇಳಬಹುದು: ಈ ಅಹಮದ್ ಖಾನರಿಗೂ ನಮಗೂ ಏನು ಸಂಬಂಧ? ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತದಲ್ಲಿ ಆಡಿದವರ ಕಥೆ ಜೋಗದ ಸೀಮೆಯ ಪತ್ರಿಕೆಗೆ ಏಕೆ ಬೇಕು?

ಸಂಬಂಧ ಇದೆ. ಜೋಗದವರಾದ ನಮಗೆ ಒಂದು ವಿದ್ಯೆ ಯಾರೂ ಕಲಿಸದೆಯೇ ಬಂದಿದೆ: ಬೆಳಕು ಒಂದು ಕಡೆ ಹುಟ್ಟುತ್ತದೆ, ಇನ್ನೊಂದು ಕಡೆ ಉರಿಯುತ್ತದೆ ಎಂಬ ವಿದ್ಯೆ. 1948ರಲ್ಲಿ ಜೋಗದ ಹೊಸ ವಿದ್ಯುದಾಗಾರ ತಿರುಗಲು ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಆ ಬೆಳಕಿನಿಂದ ದೂರದ ಪಟ್ಟಣಗಳ ಯಂತ್ರಗಳು ಓಡಿದವು. ಗದ್ದೆ, ತೋಟ, ಮನೆ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ದೀಪದ ಬುಡದಲ್ಲಿ ಕತ್ತಲೆ. ಆಟಗಾರನ ಬಾಳು ಕೂಡ ಇದೇ ಲೆಕ್ಕದ್ದು. ಅವನ ಕಾಲಿನಿಂದ ಹುಟ್ಟುವ ಕೀರ್ತಿ, ಹಣ, ಗದ್ದುಗೆಗಳು ಬೇರೆಯವರ ಮನೆಯಲ್ಲಿ ಉರಿಯುತ್ತವೆ. ಆಟಗಾರನೂ ಒಬ್ಬ ದುಡಿಮೆಗಾರ. ದುಡಿಮೆಗಾರನಿಗೆ ಸಲ್ಲಬೇಕಾದದ್ದು ಅವನಿಗೂ ಸಲ್ಲಬೇಕು. ನಾವು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ದಂಡಿನ ಮೈದಾನದಿಂದ

ಅಹಮದ್ ಖಾನರು ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಫುಟ್‌ಬಾಲು ಆ ಊರಿಗೆ ಬಂದದ್ದು ದಂಡಿನ ಮೂಲಕ. ಬಿಳಿಯ ಸಿಪಾಯಿಗಳು ಆಡುತ್ತಿದ್ದುದನ್ನು ಬೇಲಿಯ ಆಚೆ ನಿಂತು ನೋಡಿದವರು ದಂಡಿನ ಬಡ ಕೇರಿಗಳ ಹುಡುಗರು: ಅಡಿಗೆಯವರ ಮಕ್ಕಳು, ಕುದುರೆ ಕಾಯುವವರ ಮಕ್ಕಳು, ಸಣ್ಣ ಅಂಗಡಿಗಳವರ ಮಕ್ಕಳು. ಅವರಲ್ಲಿ ತಮಿಳರಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು, ಕನ್ನಡಿಗರಿದ್ದರು. ಕ್ರಿಕೆಟ್ಟಿಗೆ ಬ್ಯಾಟು ಬೇಕು, ಪ್ಯಾಡು ಬೇಕು, ಬಿಳಿಯ ಉಡುಪು ಬೇಕು. ಟೆನಿಸ್ಸಿಗೆ ಕ್ಲಬ್ಬಿನ ಮೆಂಬರುಗಿರಿ ಬೇಕು. ಇದಕ್ಕೆ ಒಂದು ಚೆಂಡು, ಒಂದು ಬಯಲು ಸಾಕು. ಬೂಟು ಇಲ್ಲವೆಂದರೆ ಕಾಲಿದೆಯಲ್ಲ!

ಆ ಕಾಲು ಏನು ಮಾಡಬಲ್ಲದೆಂಬುದನ್ನು ಅಹಮದ್ ಖಾನರು ಹತ್ತು ವರ್ಷದ ಹುಡುಗರಾಗಿದ್ದಾಗಲೇ ಅವರ ಊರಿನ ತಂಡ ತೋರಿಸಿಕೊಟ್ಟಿತು. ಮುಂಬಯಿಯ ರೋವರ್ಸ್ ಕಪ್ಪು 1891ರಲ್ಲಿ ಆರಂಭವಾದದ್ದು. ನಲವತ್ತೈದು ವರ್ಷಕ್ಕೂ ಮೇಲ್ಪಟ್ಟು ಅದು ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ, 1938ರಲ್ಲಿ, ಅದೇ ತಂಡ ಮತ್ತೆ ಗೆದ್ದಿತು. ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು ವರ್ಷ ಬಾಕಿಯಿದ್ದ ಕಾಲ ಅದು. ಬಿಳಿಯ ಸಿಪಾಯಿಯ ಬೂಟಿನ ಮುಂದೆ ತಲೆ ತಗ್ಗಿಸಬೇಕೆಂದು ಕಲಿತಿದ್ದ ನಾಡಿನಲ್ಲಿ ಆ ಗೆಲುವು ಏನು ಅರ್ಥ ಕೊಟ್ಟಿತೆಂಬುದನ್ನು ಬಿಡಿಸಿ ಹೇಳಬೇಕೆ?

1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಕಾಲ್ಚೆಂಡು ಎಂದರೆ ಬಂಗಾಳದ್ದು, ಗೋವೆಯದ್ದು, ಕೇರಳದ್ದು, ಕನ್ನಡನಾಡಿಗೆ ಅದು ಒಗ್ಗದ ಆಟ ಎಂದು ಈಗಲೂ ಹೇಳುವ ಪಂಡಿತರು ಈ ಇಸವಿಗಳನ್ನು ಒಮ್ಮೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಲಂಡನ್ನಿನ ಮಧ್ಯಾಹ್ನ

1948ರ ಜುಲೈ 31. ಲಂಡನ್ನಿನ ಹೊರವಲಯದ ಇಲ್ಫರ್ಡ್. ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಆಡಿದ ಮೊದಲ ಕಾಲ್ಚೆಂಡಿನ ಪಂದ್ಯ, ಎದುರಾಳಿ ಫ್ರಾನ್ಸ್. ನಾಯಕರು ನಾಗಾ ಬೆಟ್ಟಗಳ ವೈದ್ಯ ತಾಲಿಮೆರೆನ್ ಆವೊ. ಗೋಲಿನ ಬಾಯಲ್ಲಿ ಮೈಸೂರಿನ ವರದರಾಜ್. ಮುಂಚೂಣಿಯಲ್ಲಿ ಮೈಸೂರಿನ ರಾಮನ್, ಮೈಸೂರಿನ ಅಹಮದ್ ಖಾನ್. ಭಾರತದ ಆಟಗಾರರಲ್ಲಿ ಬಹುಮಂದಿ ಬರಿಗಾಲಿನವರು.

ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ನಮ್ಮ ರಾಜ್ಯದವರ ಕಾಲಿನಿಂದ ಬಂದದ್ದು. ನಮಗೆ ದಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಆಟ ಮುಗಿಯಲು ಒಂದೇ ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಜನ ಎದ್ದು ನಿಂತು ನೋಡಿದ್ದು ಈ ಬರಿಗಾಲಿನವರ ಕಾಲ್ಚಳಕವನ್ನು. ಚೆಂಡನ್ನು ಹಾವಿನಂತೆ ಆಡಿಸುತ್ತಾರೆಂದು ಅಹಮದ್ ಖಾನರಿಗೆ ‘ಹಾವಾಡಿಗ’ ಎಂಬ ಹೆಸರೇ ನಿಂತಿತು.

ಕೆಲಸವಿಲ್ಲದ ಊರು, ಕೂಗಿ ಕರೆದ ಊರು

ಮರುವರ್ಷ, 1949ರಲ್ಲಿ, ಅಹಮದ್ ಖಾನರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಹತ್ತು ವರ್ಷ ಅಲ್ಲಿ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್, ಈ ಐವರನ್ನು ಕಲ್ಕತ್ತದ ಜನ ‘ಪಂಚಪಾಂಡವರು’ ಎಂದು ಕರೆದರು. ಐವರಲ್ಲಿ ಬಂಗಾಳಿ ಎನ್ನುವವರು ಒಬ್ಬರೂ ಇರಲಿಲ್ಲ. ಇಬ್ಬರು ಮುಸಲ್ಮಾನರು. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಈ ಕ್ಲಬ್ಬನ್ನು ತಮ್ಮದೆಂದು ಎದೆಗೆ ಅವಚಿಕೊಂಡಿದ್ದ ಕಾಲ ಅದು. ಮತದ ಹೆಸರಿನ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡವರು ಬೆಂಗಳೂರಿನ ಒಬ್ಬ ಮುಸಲ್ಮಾನ ಆಟಗಾರನಿಗೆ ಜೈಕಾರ ಹಾಕಿದರು. ಮತದ ಹೆಸರಿನಲ್ಲಿ ಜಗಳ ಹಚ್ಚುವ ಮಹಾಶಯರು ಈ ಸಂಗತಿಯನ್ನು ಬಿಡುವಾಗಿ ಯೋಚಿಸಲಿ.

1949, 1950, 1951, ಮೂರು ವರ್ಷ ಒಂದರ ಮೇಲೊಂದರಂತೆ ಈಸ್ಟ್ ಬೆಂಗಾಲ್ ಐ.ಎಫ್.ಎ. ಶೀಲ್ಡ್ ಗೆದ್ದಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ಪು. 1953ರಲ್ಲಿ ಬುಖಾರೆಸ್ಟಿನ ವಿಶ್ವ ಯುವಜನೋತ್ಸವಕ್ಕೂ, ಅಲ್ಲಿಂದ ಸೋವಿಯತ್ ದೇಶಕ್ಕೂ ಕ್ಲಬ್ಬು ಹೋಗಿ ಆಡಿ ಬಂದಿತು.

ಬೆಂಗಳೂರು ಇಂಥವರನ್ನು ಏಕೆ ಉಳಿಸಿಕೊಳ್ಳಲಿಲ್ಲ? ಅವರಿಗೆ ಊರ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಪ್ರೀತಿಯಿಂದ ಒಲೆ ಉರಿಯುವುದಿಲ್ಲ. ಕಲ್ಕತ್ತದಲ್ಲಿ ಕ್ಲಬ್ಬಿತ್ತು, ಟಿಕೆಟ್ಟು ಕೊಂಡು ನೋಡುವ ಜನವಿತ್ತು, ರೈಲ್ವೆಯಲ್ಲೋ ಬಂದರಿನಲ್ಲೋ ಒಂದು ನೌಕರಿ ಕೊಡಿಸುವ ಧಣಿಗಳಿದ್ದರು. ಅಡಿಕೆ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿ ಬಂದ ಆಳಿನ ಹಾಗೆಯೇ, ಕೆಲಸ ಸಿಗುವಲ್ಲಿಗೆ ಅವರೂ ಹೋದರು.

ಆದರೆ ಅಲ್ಲಿಯೂ ಒಂದು ಮೋಸವಿತ್ತು. ಆಗಿನ ಕಾಯಿದೆಯಲ್ಲಿ ಆಟಗಾರ ‘ಹವ್ಯಾಸಿ’. ಅವನು ಸಂಬಳಕ್ಕೆ ಆಡತಕ್ಕದ್ದಲ್ಲ, ಆಡಿದರೆ ಆಟದ ಪಾವಿತ್ರ್ಯ ಕೆಡುತ್ತದೆ! ಗೇಟಿನಲ್ಲಿ ಟಿಕೆಟ್ಟಿನ ಹಣ ಎಣಿಸುವಾಗ ಕೆಡದ ಪಾವಿತ್ರ್ಯ ಆಟಗಾರನ ಕೈಗೆ ನಾಲ್ಕು ಕಾಸು ಬಂದರೆ ಕೆಡುವುದು ಹೇಗೆ? ಫಲವೇನೆಂದರೆ, ದುಡ್ಡು ಮೇಜಿನ ಕೆಳಗಿನಿಂದ ಬರುತ್ತಿತ್ತು. ಮೇಜಿನ ಕೆಳಗಿನ ದುಡ್ಡಿಗೆ ರಶೀದಿಯಿಲ್ಲ. ರಶೀದಿಯಿಲ್ಲದ ದುಡ್ಡಿಗೆ ಹಕ್ಕಿಲ್ಲ. ಮೊಣಕಾಲು ಮುರಿದ ದಿನ ಆಟಗಾರ ಯಾರ ಬಾಗಿಲು ಬಡಿಯಬೇಕು? ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದೆ ಗಿರಣಿಯಲ್ಲಿ ದುಡಿಯುವ ‘ಬದಲಿ’ ಕೂಲಿಗಾರನಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಅಂಗಳ ಡೊಂಕು ಎಂದವರು

1950ರ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ವರ್ಷ ಬ್ರೆಜಿಲಿನಲ್ಲಿ ವಿಶ್ವಕಪ್ಪು. ಅರ್ಹತೆಯ ಸುತ್ತಿನಿಂದ ಎದುರಾಳಿ ದೇಶಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಸ್ಥಾನ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪಿನಲ್ಲಿ ನಮ್ಮ ಹೆಸರೂ ಇತ್ತು. ತಂಡ ಹೋಗಲಿಲ್ಲ. ಅಂದಿನಿಂದ ಇಂದಿನವರೆಗೆ ಶಾಲೆಯ ಮಕ್ಕಳ ಬಾಯಲ್ಲೂ ಓಡಾಡುವ ಕಾರಣ ಒಂದೇ: ಬರಿಗಾಲಿನಲ್ಲಿ ಆಡಲು ಫಿಫಾ ಸಂಸ್ಥೆ ಬಿಡಲಿಲ್ಲವಂತೆ, ಆದ್ದರಿಂದ ಭಾರತ ಹೋಗಲಿಲ್ಲವಂತೆ!

ಈ ‘ಅಂತೆ’ಯನ್ನು ತೂಗಿ ನೋಡೋಣ. ಎರಡು ವರ್ಷದ ಬಳಿಕ, 1952ರಲ್ಲಿ, ಇದೇ ಅಧಿಕಾರಿಗಳು ಇದೇ ಆಟಗಾರರನ್ನು ಹೆಲ್ಸಿಂಕಿ ಒಲಿಂಪಿಕ್ಸಿಗೆ ಕಳಿಸಿದರು. ಆಗಲೂ ಬಹುಮಂದಿ ಬರಿಗಾಲಿನವರೇ. 1950ರಲ್ಲಿ ಬರಿಗಾಲು ಅಷ್ಟು ದೊಡ್ಡ ಅಡ್ಡಿಯಾಗಿದ್ದರೆ, ಆ ಎರಡು ವರ್ಷಗಳಲ್ಲಿ ಬೂಟು ಕೊಡಿಸಿ ಅಭ್ಯಾಸ ಮಾಡಿಸಬಾರದಿತ್ತೆ? ಮಾಡಿಸಲಿಲ್ಲ, ಏಕೆಂದರೆ ಅಡ್ಡಿ ಕಾಲಿನಲ್ಲಿರಲಿಲ್ಲ, ಕಚೇರಿಯಲ್ಲಿತ್ತು. ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪು ಏನು ಮಹಾ ಎಂಬ ಅಸಡ್ಡೆ, ದೂರದ ಹಡಗಿನ ಪ್ರಯಾಣದ ಅಂಜಿಕೆ, ಖರ್ಚಿನ ಗೊಂದಲ, ಅಭ್ಯಾಸಕ್ಕೆ ವೇಳೆ ಇಲ್ಲವೆಂಬ ನೆಪ. ನಿರ್ಧಾರ ಕುರ್ಚಿಯವರದು, ಅಪವಾದ ಮಾತ್ರ ಆಟಗಾರನ ಪಾದದ ಮೇಲೆ. ಕುಣಿಯಲು ಬಾರದವಳು ಅಂಗಳ ಡೊಂಕು ಎಂದಳಂತೆ. ಇಲ್ಲಿ ಕುಣಿಯಲು ಬಲ್ಲವರು ಕಾದು ನಿಂತಿದ್ದರು. ಅಂಗಳ ಡೊಂಕೆಂದವರು ಜಗಲಿಯ ಮೇಲೆ ಕುಳಿತ ಯಜಮಾನರು.

ಗಿರಣಿ ನಷ್ಟದಲ್ಲಿ ಬಿದ್ದರೆ ‘ಕೂಲಿಗಾರರು ಸೋಮಾರಿಗಳು’ ಎನ್ನುವ ಧ್ವನಿಯೂ ಇದೇ ಅಲ್ಲವೆ? ಹಳೆಯ ಯಂತ್ರ ಬದಲಿಸದವರು ಯಾರು, ಲಾಭವನ್ನು ಬೇರೆ ಊರಿಗೆ ಸಾಗಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ನಷ್ಟವೂ ಇದೆ. ಅಹಮದ್ ಖಾನರಿಗೆ ಆಗ ಇಪ್ಪತ್ತಮೂರು ವರ್ಷ. 1948ರಲ್ಲೂ 1952ರಲ್ಲೂ ದೇಶಕ್ಕೆ ಆಡಿದವರು ನಡುವಿನ 1950ರಲ್ಲಿ ಬ್ರೆಜಿಲಿಗೆ ಹೋಗುತ್ತಿದ್ದರೆಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಆಟಗಾರನ ದುಡಿಮೆಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಅದರಲ್ಲಿ ವಿಶ್ವಕಪ್ಪು ಒಮ್ಮೆ ಬರಬಹುದು, ಬಾರದಿರಬಹುದು. ಬಂದದ್ದನ್ನು ಒಂದು ಸಮಿತಿ ಕಸದ ಬುಟ್ಟಿಗೆ ಹಾಕಿತು. ಭಾರತಕ್ಕೆ ಆ ಬಾಗಿಲು ಮತ್ತೆ ತೆರೆದೇ ಇಲ್ಲ.

1951ರಲ್ಲಿ ದೆಹಲಿಯ ಮೊದಲ ಏಷ್ಯಾ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ಎದುರು 10-1ರ ಸೋಲು. ಆ ಒಂದು ಗೋಲು ಹೊಡೆದವರು ಅಹಮದ್ ಖಾನ್, ಆಟ ಮುಗಿಯುವ ಕೊನೆಯ ಗಳಿಗೆಯಲ್ಲಿ. ಹತ್ತು ಗೋಲು ತಿಂದು, ಉತ್ತರ ದೇಶದ ಚಳಿಯಲ್ಲಿ ನಡುಗುತ್ತ, ಇನ್ನು ಗೆಲ್ಲುವ ಆಸೆಯೇ ಇಲ್ಲದ ಎಂಬತ್ತೊಂಬತ್ತನೆಯ ನಿಮಿಷದಲ್ಲಿಯೂ ಓಡುತ್ತಿದ್ದ ಕಾಲುಗಳವು. ನಮ್ಮ ಕ್ರೀಡಾಧಿಪತಿಗಳು ಹತ್ತನ್ನು ನೆನಪಿಟ್ಟುಕೊಂಡರು, ಆ ಒಂದನ್ನು ಮರೆತರು. ಬೂಟು ಕಡ್ಡಾಯವೆಂಬ ಆಜ್ಞೆ ಹೊರಟದ್ದು ಈ ಸೋಲಿನ ಮೇಲೆ. ಯಾವ ಆಟಗಾರರೂ ಬೂಟು ಬೇಡವೆಂದು ಮುಷ್ಕರ ಹೂಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಬೂಟು ತೊಟ್ಟ ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ಸಲಕರಣೆ, ಅಭ್ಯಾಸ, ಅನ್ನ ಕೊಟ್ಟರೆ ಏನಾಗಬಲ್ಲದೆಂಬುದಕ್ಕೆ ಬೇರೆ ಪುರಾವೆ ಬೇಕೆ?

ಹಿಮದ ದ್ವೀಪದ ಇನ್ನೊಬ್ಬ

ಇದೇ ಕಾಲದಲ್ಲಿ, ಜಗತ್ತಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬ ಆಟಗಾರನಿದ್ದ. ಐಸ್ಲೆಂಡ್ ಎಂಬ ದ್ವೀಪದ ಆಲ್ಬರ್ಟ್ ಗುಡ್ಮುಂಡ್ಸನ್, ಹುಟ್ಟಿದ್ದು 1923ರಲ್ಲಿ, ಅಹಮದ್ ಖಾನರಿಗಿಂತ ಮೂರು ವರ್ಷ ಹಿರಿಯ. ಬೆಂಕಿ ಉಗುಳುವ ಬೆಟ್ಟ, ಹಿಮ, ಮೀನು, ಇವಿಷ್ಟೇ ಬಂಡವಾಳವಾಗಿದ್ದ ದೇಶ ಅದು. ಈಗಲೂ ಅಲ್ಲಿಯ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ ಹದಿನೇಳೂವರೆ ಲಕ್ಷ ಜನರಿದ್ದಾರೆ.

ಆಲ್ಬರ್ಟ್ ಲಂಡನ್ನಿನ ಆರ್ಸೆನಲ್ ತಂಡದಲ್ಲಿ 1946ರಲ್ಲಿ ಆಡಿದ. ಪರದೇಶದವನೆಂದು ಅಲ್ಲಿ ಸಂಬಳದ ಆಟಗಾರನಾಗಲು ಪರವಾನಗಿ ಸಿಗಲಿಲ್ಲ. ಫ್ರಾನ್ಸಿಗೆ ಹೋದ, ಅಲ್ಲಿಂದ ಇಟಲಿಯ ಮಿಲಾನ್ ತಂಡಕ್ಕೆ, ಮತ್ತೆ ಪ್ಯಾರಿಸ್ಸಿಗೆ. ತನ್ನ ದೇಶದಿಂದ ಸಂಬಳ ಪಡೆದು ಆಡಿದ ಮೊದಲ ಆಟಗಾರ ಅವನೇ. ಅವನೂ ಕೆಲಸ ಹುಡುಕಿಕೊಂಡು ಊರು ಬಿಟ್ಟವನೇ. ವ್ಯತ್ಯಾಸ ಇರುವುದು ಮುಂದಿನ ಕಥೆಯಲ್ಲಿ. ಅವನ ಸಂಬಳ ಮೇಜಿನ ಮೇಲೆ, ಕರಾರಿನ ಪ್ರಕಾರ ಬಂದಿತು. ಅವನು ಊರಿಗೆ ಮರಳಿ, 1968ರಿಂದ 1973ರವರೆಗೆ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷನಾದ. 1983ರಲ್ಲಿ ದೇಶದ ಹಣಕಾಸಿನ ಮಂತ್ರಿಯಾದ. ಅವನ ರಾಜಕೀಯ ನಮಗೆ ಒಪ್ಪಿಗೆಯೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಚೆಂಡು ಒದ್ದ ಕಾಲು ಆಟದ ಸಂಸ್ಥೆಯ ಮೆಟ್ಟಿಲು ಹತ್ತಬಹುದೆಂದು ಆ ಪುಟ್ಟ ದೇಶ ಒಪ್ಪಿಕೊಂಡಿತು.

ಐಸ್ಲೆಂಡಿನ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಇಪ್ಪತ್ತೊಂದು ವರ್ಷಕ್ಕೆ ಆ ಆಟಗಾರ ಅದರ ಅಧ್ಯಕ್ಷನಾದ. ನಮ್ಮ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1937ರಲ್ಲಿ. ಮೊದಲ ಬಾರಿಗೆ ಒಬ್ಬ ಮಾಜಿ ಆಟಗಾರ ಅದರ ಅಧ್ಯಕ್ಷನಾದದ್ದು 2022ರಲ್ಲಿ. ಎಂಬತ್ತೈದು ವರ್ಷ! ಅಷ್ಟು ಕಾಲ ಆ ಕುರ್ಚಿಯಲ್ಲಿ ಕುಳಿತವರು ರಾಜಕಾರಣಿಗಳು, ಕ್ಲಬ್ಬುಗಳ ಯಜಮಾನರು, ಆಡಳಿತಗಾರರು. ಬರಿಗಾಲಿನವರು ಆಡಿದರು, ಬೂಟಿನವರು ಗದ್ದುಗೆ ಹಿಡಿದರು.

2000ದಿಂದೀಚೆಗೆ ಐಸ್ಲೆಂಡಿನವರು ಇನ್ನೊಂದು ಕೆಲಸ ಮಾಡಿದರು. ಆರು ತಿಂಗಳು ಚಳಿ, ಕತ್ತಲೆ ಇರುವ ನಾಡಿನಲ್ಲಿ ಪೌರಸಭೆಗಳು ಸೂರಿನ ಮೈದಾನಗಳನ್ನು ಕಟ್ಟಿದವು. ಶಾಲೆಗಳ ಮಗ್ಗುಲಲ್ಲೇ ಸಣ್ಣ ಆಟದಂಗಳಗಳು ಬಂದವು. ಎಳೆಯ ಮಕ್ಕಳಿಗೂ ತರಬೇತಿ ಪಡೆದ ಸಂಬಳದ ಗುರುಗಳು ಬಂದರು. ಗಂಡುಮಕ್ಕಳಿಗೆ ಎಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ. 2016ರಲ್ಲಿ ಅವರ ತಂಡ ಯುರೋಪಿನ ಕೂಟದಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿತು. ತರಬೇತುದಾರರಲ್ಲಿ ಒಬ್ಬರು ಹಲ್ಲಿನ ವೈದ್ಯರು. 2018ರಲ್ಲಿ ವಿಶ್ವಕಪ್ಪಿಗೆ ಹೋದರು. ಅಲ್ಲಿ ಅರ್ಜೆಂಟೀನದ ಮೆಸ್ಸಿಯ ಪೆನಾಲ್ಟಿಯನ್ನು ತಡೆದ ಗೋಲಿಯ ಕಸುಬು ಸಿನೆಮಾ ತೆಗೆಯುವುದು.

ಅವರ ಚಳಿಗೆ ಸೂರು ಬಂದಿತು. ನಮ್ಮ ಮಳೆಗೆ? ಆಗುಂಬೆ, ಹುಲಿಕಲ್ಲುಗಳ ಮಳೆಗಾಲದಲ್ಲಿ ಮಲೆನಾಡಿನ ಹುಡುಗರು ಕೆಸರಿನಲ್ಲಿ ಚೆಂಡು ಒದೆಯುತ್ತಾರೆ. ನೀರು ಬಸಿಯುವ ಕಾಲುವೆ ತೋಡಿದ ಒಂದು ಬಯಲನ್ನಾದರೂ ತಾಲ್ಲೂಕಿಗೊಂದರಂತೆ ಕೊಡಿ ಎಂದರೆ ‘ಅನುದಾನವಿಲ್ಲ’ ಎಂಬ ಉತ್ತರ ಬರುತ್ತದೆ. ಇದ್ದ ಬಯಲನ್ನೂ ವಸ್ತುಪ್ರದರ್ಶನಕ್ಕೆ, ಭಾಷಣಕ್ಕೆ, ಹೆಲಿಕಾಪ್ಟರು ಇಳಿಸಲು ಕೊಟ್ಟು ಗುಂಡಿ ಬೀಳಿಸುತ್ತಾರೆ.

ಕಾರ್ಖಾನೆಯ ಅಂಗಳ

ನಮ್ಮಲ್ಲೂ ಒಂದು ದಾರಿ ತೆರೆದಿತ್ತು. ಜೋಗದಲ್ಲಿ ಹೊಸ ವಿದ್ಯುದಾಗಾರ ತಿರುಗಿದ ಅದೇ 1948ರಲ್ಲಿ ಬೆಂಗಳೂರಿನಲ್ಲಿ ಟೆಲಿಫೋನು ಕಾರ್ಖಾನೆ, ಐ.ಟಿ.ಐ., ಸ್ಥಾಪನೆಯಾಯಿತು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕಾಯಂ ನೌಕರಿ ಕೊಟ್ಟವು. ಸಂಬಳವಿತ್ತು, ಪ್ರಾವಿಡೆಂಟ್ ಫಂಡಿತ್ತು, ಮನೆಯಿತ್ತು. ಕಾಲು ಸೋತ ಮೇಲೂ ಹಾಜರಿ ಪುಸ್ತಕದಲ್ಲಿ ಹೆಸರಿತ್ತು. 1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ಪು ಎರ್ನಾಕುಲಂನಲ್ಲಿ ನಡೆದಾಗ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿದ್ದು ಐ.ಟಿ.ಐ. ತಂಡ. ಟೆಲಿಫೋನು ಕಾರ್ಖಾನೆಯ ನೌಕರರು ಕಲ್ಕತ್ತದ ದೊಡ್ಡ ಕ್ಲಬ್ಬನ್ನು ಕೆಡವಿದರು. ಆಟಗಾರನ ಹೊಟ್ಟೆಯ ಚಿಂತೆ ತೀರಿದರೆ ಅವನು ಚೆಂಡಿನ ಚಿಂತೆ ಮಾಡಬಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಆ ದಾರಿಯನ್ನು ಮುಚ್ಚಿದವರು ಯಾರು? ಸರ್ಕಾರಿ ಕಾರ್ಖಾನೆಗಳು ದಂಡದ ಖರ್ಚೆಂದು ಸಾರಿದವರು, ಕಾಯಂ ನೌಕರಿಯನ್ನು ಗುತ್ತಿಗೆಗೆ ಇಳಿಸಿದವರು. ಐ.ಟಿ.ಐ. ಸೊರಗಿತು, ಅದರ ಆ ಕೀರ್ತಿ ಹಳೆಯ ಕಥೆಯಾಯಿತು. ಎಚ್.ಎ.ಎಲ್. ತಂಡ 2011-12ರಲ್ಲಿ ಐ-ಲೀಗಿನಲ್ಲಿ ಆಡಿ ಕೆಳಗಿಳಿಯಿತು. ನಮ್ಮ ಜಿಲ್ಲೆಯನ್ನೇ ನೋಡಿ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾರ್ಖಾನೆ ಮುಚ್ಚಿದಾಗ ಸಂಬಳವೊಂದೇ ನಿಲ್ಲುವುದಿಲ್ಲ. ಕೂಲಿಗಾರನ ಮಗ ಸಂಜೆ ಆಡುವ ಬಯಲಿಗೂ ಮುಳ್ಳು ಬೆಳೆಯುತ್ತದೆ, ಎದುರಿನ ಚಹಾ ಅಂಗಡಿಯ ಒಲೆಯೂ ಆರುತ್ತದೆ. ಸಣ್ಣ ವ್ಯಾಪಾರಿಗೂ ಕೂಲಿಗಾರನಿಗೂ ಇರುವ ನಂಟು ಅಂಥದು.

ಹೊಸ ಧಣಿಗಳು

‘ಈಗ ಕಾಲ ಬದಲಾಗಿದೆ, ದೊಡ್ಡ ಬಂಡವಾಳದವರು ಆಟಕ್ಕೆ ಇಳಿದಿದ್ದಾರೆ, ಆಟಗಾರನಿಗೆ ಕೈತುಂಬ ಸಂಬಳ’ ಎನ್ನುವವರಿದ್ದಾರೆ. ಇಳಿದಿರುವುದು ನಿಜ. ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯು. ಬಳಗ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬನ್ನು ಕಟ್ಟಿತು. ಆಟವೂ ಚೆನ್ನಾಗಿಯೇ ಇತ್ತು. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದರು. ಗೆದ್ದದ್ದನ್ನು ಗೆದ್ದರೆನ್ನಲು ನಮಗೆ ಸಂಕೋಚವಿಲ್ಲ.

ಆದರೆ 2025ರ ಆಗಸ್ಟಿನಲ್ಲಿ ಏನಾಯಿತು? ಫುಟ್‌ಬಾಲ್ ಸಂಸ್ಥೆಗೂ ಲೀಗ್ ನಡೆಸುವ ಕಂಪೆನಿಗೂ ಇದ್ದ ಹದಿನೈದು ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ದೊಡ್ಡವರಲ್ಲಿ ಇತ್ಯರ್ಥವಾಗಲಿಲ್ಲ. ಲೀಗ್ ಅತಂತ್ರವಾಯಿತು. ಕೂಡಲೇ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು, ಎಷ್ಟು ದಿನವೆಂದು ಹೇಳದೆ, ತಡೆಹಿಡಿದಿರುವುದಾಗಿ ಸಾರಿತು. ಇದಕ್ಕೆ ಗಿರಣಿಯ ಭಾಷೆಯಲ್ಲಿ ಒಂದು ಹೆಸರಿದೆ: ಬೀಗಮುದ್ರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಪ್ಪಂದ ಮಾಡಿಕೊಳ್ಳಲಾರದೆ ಹೋದವರು ಸಂಸ್ಥೆಯವರು ಮತ್ತು ಕಂಪೆನಿಯವರು, ಸಂಬಳ ನಿಂತದ್ದು ಆಟಗಾರನದು, ಹುಲ್ಲು ಕತ್ತರಿಸುವವನದು, ಬಟ್ಟೆ ಒಗೆಯುವವನದು. 1950ರ ಕಥೆಯೇ ಹೊಸ ಅಂಗಿ ತೊಟ್ಟು ಬಂದಿದೆ.

2023ರ ಮಾರ್ಚಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಐವತ್ತನಾಲ್ಕು ವರ್ಷದ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ನಿಮಗೆ ನೆನಪಿದೆಯೆ? ನೆನಪಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಆ ಅಂತಿಮ ಪಂದ್ಯವನ್ನು ಭಾರತದ ನೆಲದಲ್ಲಿ ಆಡಿಸಲಿಲ್ಲ, ಸೌದಿ ಅರೇಬಿಯದ ರಿಯಾಧಿಗೆ ಕೊಂಡೊಯ್ದರು. ಬೆಂಗಳೂರಿನ ಆಸ್ಟಿನ್ ಟೌನಿನ ಹುಡುಗನಾಗಲಿ ಷಿಲ್ಲಾಂಗಿನ ಹುಡುಗನಾಗಲಿ ತನ್ನ ತಂಡವನ್ನು ಕಣ್ಣಾರೆ ನೋಡಲು ವಿಮಾನ ಹತ್ತಬೇಕಿತ್ತು! ಜನರ ಆಟವನ್ನು ಜನರಿಂದ ದೂರ ಒಯ್ಯುವುದೂ ಒಂದು ಬಗೆಯ ಕಳವು.

ಒಂದು ಆಕ್ಷೇಪ, ನಮ್ಮ ಉತ್ತರ

ಹೊಸನಗರದ ಒಬ್ಬ ವ್ಯಾಪಾರಿ ಹೀಗೆನ್ನಬಹುದು: ‘ಸ್ವಾಮಿ, ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ರಸ್ತೆಯಲ್ಲಿ ಡಾಂಬರಿಲ್ಲ. ಇದರ ನಡುವೆ ನಿಮ್ಮ ಚೆಂಡಾಟವೆ?’ ಮಾತಿನಲ್ಲಿ ಹುರುಳಿದೆ, ಆದರೆ ಲೆಕ್ಕದಲ್ಲಿ ತಪ್ಪಿದೆ. ಆಸ್ಪತ್ರೆಯ ದುಡ್ಡನ್ನು ಆಟದ ಬಯಲು ತಿಂದ ಉದಾಹರಣೆ ಎಲ್ಲಿದೆ? ಎರಡನ್ನೂ ತಿಂದವರು ಬೇರೆ. ಬಡವನ ಮಗುವಿಗೆ ಅನ್ನ ಮೊದಲು, ಅಕ್ಷರ ಮೊದಲು ಎಂಬುದು ಸರಿ. ಆದರೆ ಆಟ ಉಳ್ಳವರ ಮಕ್ಕಳಿಗೆ ಮಾತ್ರ ಇರತಕ್ಕದ್ದು ಎಂದು ಒಪ್ಪಿಕೊಂಡರೆ, ನಾಳೆ ಸಂಗೀತವೂ ಪುಸ್ತಕವೂ ಅವರಿಗೇ ಹೋಗುತ್ತದೆ. ನಮ್ಮ ಪಾಲಿಗೆ ಮೂಟೆಯೊಂದೇ ಉಳಿಯುತ್ತದೆ.

ನಾವು ಕೇಳುವುದು ಭಿಕ್ಷೆಯಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ತಾಲ್ಲೂಕಿಗೊಂದು ಸಾರ್ವಜನಿಕ ಮೈದಾನ ಬೇಕು. ಅದಕ್ಕೆ ಮಳೆಯ ನೀರು ಬಸಿಯುವ ಕಾಲುವೆ ಇರಬೇಕು, ಅದನ್ನು ಆಟದ ಹೊರತು ಇನ್ನಾವುದಕ್ಕೂ ಕೊಡಕೂಡದು. ಪ್ರತಿಯೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕಾಯಂ ದೈಹಿಕ ಶಿಕ್ಷಕರಿರಬೇಕು, ಹುಡುಗಿಯರ ತಂಡಕ್ಕೂ ಅಷ್ಟೇ ವೇಳೆ ಸಿಗಬೇಕು. ಸಂಬಳಕ್ಕೆ ಆಡುವ ಪ್ರತಿಯೊಬ್ಬನ ಕರಾರು ಸರ್ಕಾರದಲ್ಲಿ ದಾಖಲಾಗಬೇಕು, ಒಂದು ವರ್ಷದ ಸಂಬಳವನ್ನು ಕ್ಲಬ್ಬಿನ ಧಣಿ ಮುಂಗಡವಾಗಿ ಠೇವಣಿ ಇಡಬೇಕು. ಗಾಯಗೊಂಡವನಿಗೆ ಪರಿಹಾರ, ದೇಶಕ್ಕೋ ರಾಜ್ಯಕ್ಕೋ ಆಡಿದವನಿಗೆ ಮುಪ್ಪಿನಲ್ಲಿ ಅರ್ಜಿ ಹಿಡಿದು ಅಲೆಸದ ಪಿಂಚಣಿ ಸಿಗಬೇಕು. ಆಟದ ಸಂಸ್ಥೆಗಳಲ್ಲಿ ಆಟಗಾರರೇ ಆರಿಸಿದವರಿಗೆ ಸ್ಥಾನ ಇರಬೇಕು.

ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅಹಮದ್ ಖಾನರ ಆಟದ ಕಾಲ ಮುಗಿದಿತ್ತು. ಪ್ರಶಸ್ತಿ ಯಾವಾಗಲೂ ತಡವಾಗಿಯೇ ಬರುತ್ತದೆ, ಸನ್ಮಾನದ ಶಾಲು ಚಳಿಗಾಲ ಕಳೆದ ಮೇಲೆಯೇ ಹೆಗಲೇರುತ್ತದೆ. ಆದ್ದರಿಂದ ಶಾಲಿನ ಮಾತು ಬೇಡ. ಗಿರಣಿಯ ಸಂಘಗಳು, ವರ್ತಕರ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ಗೊತ್ತುವಳಿಯಾಗಿ ಅಂಗೀಕರಿಸಲಿ, ಪುರಸಭೆಗೂ ಶಾಸಕರಿಗೂ ಕಳಿಸಲಿ, ಉತ್ತರ ಬರುವವರೆಗೂ ಕೇಳುತ್ತಲೇ ಇರಲಿ. ಮತ ಕೇಳಲು ಬರುವವರನ್ನು ಮೊದಲು ಊರ ಬಯಲಿಗೆ ಕರೆದೊಯ್ದು, ಅಲ್ಲಿಯ ಗುಂಡಿಗಳನ್ನು ಎಣಿಸಲು ಹೇಳೋಣ.